ಕಂಟೆಂಟ್ ಮಾಡುವವರಿಗೆ ಬಿಸಿನೆಸ್ ಕಾರ್ಡ್: ಆಫರ್ ನೋಡುವ ಮೊದಲು ಈ ಲೆಕ್ಕ ಮಾಡಿ

"ಯಾವ ಕಾರ್ಡ್ ತಗೊಳ್ಳಲಿ?" ವಿಡಿಯೊ, ಪಾಡ್‌ಕಾಸ್ಟ್, ರೀಲ್ಸ್ ಮಾಡುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಇದು. ಕೇಳುವವರಿಗೆ ಒಂದು ಹೆಸರು ಸಿಕ್ಕರೆ ಸಾಕು. ಆದರೆ ನಾನು ಹೆಸರು ಹೇಳುವುದಿಲ್ಲ. ನಿಮ್ಮ ದುಡ್ಡು ಯಾವ ತಾರೀಖಿಗೆ ಬರುತ್ತದೆ, ಎಲ್ಲೆಲ್ಲಿ ಹೋಗುತ್ತದೆ ಅಂತ ತಿಳಿಯದೆ ಕಾರ್ಡ್ ಸೂಚಿಸುವುದು, ಕಾಲಿನ ಅಳತೆ ಕೇಳದೆ ಚಪ್ಪಲಿ ಕೊಟ್ಟ ಹಾಗೆ. ಅಳತೆ ತೆಗೆಯುವುದು ಹೇಗೆ ಅಂತ ಹೇಳುತ್ತೇನೆ. ಅಷ್ಟಾದರೆ ಕಾರ್ಡನ್ನು ನೀವೇ ಆರಿಸಿಕೊಳ್ಳುತ್ತೀರಿ.

ಮೊದಲು ಒಂದು ಗೊಂದಲ ತೆಗೆದುಬಿಡೋಣ. ಬಿಸಿನೆಸ್ ಕಾರ್ಡ್ ಅಂದರೆ ಇಲ್ಲಿ ವಿಸಿಟಿಂಗ್ ಕಾರ್ಡ್ ಅಲ್ಲ, ಕೆಲಸದ ಖರ್ಚಿಗೆ ಬಳಸುವ ಬ್ಯಾಂಕ್ ಕಾರ್ಡ್. ಅದು ಇರುವುದು ದುಡ್ಡು ಕೊಡುವುದಕ್ಕೆ, ಪಡೆಯುವುದಕ್ಕಲ್ಲ. ಜಾಹೀರಾತಿನ ಹಣ, ಸ್ಪಾನ್ಸರ್ ಹಣ ಸಾಮಾನ್ಯವಾಗಿ ಬ್ಯಾಂಕ್ ಖಾತೆಗೇ ಬರುತ್ತದೆ. ಕೆಲಸಕ್ಕೆ ಅಂತಲೇ ಒಂದು ಬೇರೆ ಖಾತೆ ಇನ್ನೂ ತೆರೆದಿಲ್ಲವಾದರೆ ಕಾರ್ಡಿನ ಮಾತು ಆಮೇಲೆ. ಮೊದಲು ಆ ಖಾತೆ ತೆರೆಯಿರಿ.

1. ಮೂರು ತಿಂಗಳ ಖರ್ಚು ಬರೆದುಕೊಳ್ಳಿ

ಕಳೆದ ಮೂರು ತಿಂಗಳ ಸ್ಟೇಟ್‌ಮೆಂಟ್ ತೆರೆಯಿರಿ. ಕೆಲಸಕ್ಕೆ ಆದ ಪ್ರತಿ ಖರ್ಚನ್ನೂ ಒಂದು ಹಾಳೆಯಲ್ಲಿ ಇಳಿಸಿ. ಎಡಿಟಿಂಗ್ ಸಾಫ್ಟ್‌ವೇರ್, ಕ್ಲೌಡ್ ಸ್ಟೋರೇಜ್, ಮ್ಯೂಸಿಕ್ ಲೈಸೆನ್ಸ್, ಥಂಬ್‌ನೇಲ್ ಟೂಲ್, ಡೊಮೈನ್ (ವೆಬ್‌ಸೈಟ್ ಹೆಸರು), ಪೋಸ್ಟ್ ಬೂಸ್ಟ್ ಮಾಡಿದ್ದು (ದುಡ್ಡು ಕೊಟ್ಟು ಹೆಚ್ಚು ಜನರಿಗೆ ತಲುಪಿಸಿದ್ದು), ಕ್ಯಾಮೆರಾ, ಮೈಕ್, ಲೈಟು, ಪ್ರಯಾಣ. ಪ್ರತಿ ಸಾಲಿನ ಎದುರು ಮೂರು ವಿಷಯ ಬರೆಯಿರಿ: ಯಾವ ಕರೆನ್ಸಿಯಲ್ಲಿ ಹೋಯಿತು, ಯಾವ ತಾರೀಖಿಗೆ ಹೋಯಿತು, ತಾನಾಗಿಯೇ ಕಟ್ ಆಗುತ್ತದೆಯೇ ಅಥವಾ ನೀವೇ ಕೂತು ಕಟ್ಟುತ್ತೀರಾ.

ವರ್ಷಕ್ಕೊಮ್ಮೆ ಕಟ್ ಆಗುವ ಸಬ್‌ಸ್ಕ್ರಿಪ್ಷನ್‌ಗಳು ಈ ಮೂರು ತಿಂಗಳಲ್ಲಿ ಕಾಣಿಸದೆ ಇರಬಹುದು. ಅವನ್ನು ಮೇಲ್‌ನಲ್ಲಿ ಹುಡುಕಿ, ಮೊತ್ತವನ್ನು 12ರಿಂದ ಭಾಗಿಸಿ, ಅದೇ ಪಟ್ಟಿಗೆ ಸೇರಿಸಿ. ನಾನೇ ಒಮ್ಮೆ ಎರಡು ವರ್ಷದಿಂದ ಮುಟ್ಟದ ಒಂದು ಟೂಲ್‌ಗೆ ವರ್ಷದ ಹಣ ಕಟ್ಟಿದ್ದು ಗೊತ್ತಾಗಿದ್ದು ಈ ಪಟ್ಟಿ ಬರೆಯುವಾಗಲೇ.

ಎಡಿಟರ್‌ಗೆ, ಕ್ಯಾಮೆರಾ ಹಿಡಿಯುವವರಿಗೆ ಕೊಡುವ ದುಡ್ಡನ್ನು ಪಕ್ಕಕ್ಕಿಡಿ. ಅದು ಬಹುತೇಕ ಬ್ಯಾಂಕ್ ಟ್ರಾನ್ಸ್‌ಫರ್‌ನಲ್ಲಿ ಹೋಗುತ್ತದೆ. ಕಾರ್ಡಿನ ಲೆಕ್ಕಕ್ಕೆ ಅದನ್ನೂ ಸೇರಿಸಿಕೊಂಡರೆ ನಿಮ್ಮ ಖರ್ಚು ಇರುವುದಕ್ಕಿಂತ ಜಾಸ್ತಿ ಕಾಣುತ್ತದೆ. ಆಮೇಲೆ ಬೇಡದ ದೊಡ್ಡ ಕಾರ್ಡ್ ಕಣ್ಣಿಗೆ ಬೀಳುತ್ತದೆ.

2. ದುಡ್ಡು ಬರುವ ತಾರೀಖು ಗುರುತು ಮಾಡಿ

ಸಂಬಳ ಬರುವವರಿಗೆ ಈ ತಲೆನೋವು ಕಮ್ಮಿ. ನಮಗೆ ಹಾಗಲ್ಲ. ಯೂಟ್ಯೂಬ್ ಜಾಹೀರಾತಿನ ಹಣವನ್ನೇ ತಗೊಳ್ಳಿ. ಆ ಹಣ ಪಾವತಿಸುವ ಗೂಗಲ್ ಆಡ್‌ಸೆನ್ಸ್ ಒಂದು ತಿಂಗಳ ಗಳಿಕೆಯನ್ನು ಮುಂದಿನ ತಿಂಗಳು 21ರಿಂದ 26ರ ನಡುವೆ ಕಳಿಸುತ್ತದೆ. ಅದೂ ಬಾಕಿ ಮೊತ್ತ ಅವರು ಇಟ್ಟಿರುವ ಕನಿಷ್ಠ ಮಿತಿ ದಾಟಿದ್ದರೆ ಮಾತ್ರ. ಕಳಿಸಿದ ಮೇಲೆ ಖಾತೆಗೆ ಬೀಳಲು ಇನ್ನೂ ಕೆಲವು ದಿನ ಬೇಕಾಗಬಹುದು. ಸ್ಪಾನ್ಸರ್‌ಗಳ ಒಪ್ಪಂದದಲ್ಲಿ "ನೆಟ್ 30", "ನೆಟ್ 60" ಅಂತ ಇರುತ್ತದೆ. ಇನ್‌ವಾಯ್ಸ್ ಕೊಟ್ಟ 30 ಅಥವಾ 60 ದಿನದೊಳಗೆ ಹಣ ಕೊಡುತ್ತೇವೆ ಅಂತ ಅದರ ಅರ್ಥ. ಅಂದರೆ ಈ ತಿಂಗಳು ದುಡಿದದ್ದು ಎರಡು ತಿಂಗಳು ಬಿಟ್ಟು ಕೈಗೆ ಬರುತ್ತದೆ.

ಇದಕ್ಕೂ ಕಾರ್ಡಿಗೂ ಏನು ಸಂಬಂಧ? ಕ್ರೆಡಿಟ್ ಕಾರ್ಡಿನಲ್ಲಿ ಎರಡು ದಿನ ಮುಖ್ಯ. ಒಂದು, ತಿಂಗಳ ಲೆಕ್ಕ ಮುಚ್ಚಿ ಬಿಲ್ ಬರುವ ದಿನ. ಇನ್ನೊಂದು, ಆ ಬಿಲ್ ಕಟ್ಟಲು ಕೊನೆಯ ದಿನ, ಅಂದರೆ ಡ್ಯೂ ಡೇಟ್. ಇವೆರಡರ ನಡುವೆ ಸಾಮಾನ್ಯವಾಗಿ ಮೂರು ವಾರದ ಆಸುಪಾಸು ಇರುತ್ತದೆ. ನಿಮ್ಮ ಬಿಲ್ 1ನೇ ತಾರೀಖಿಗೆ ಬಂದು 21ಕ್ಕೆ ಕಟ್ಟಬೇಕು ಅಂತಿಟ್ಟುಕೊಳ್ಳಿ. ಆಡ್‌ಸೆನ್ಸ್ ಹಣ ಬರುವುದೇ ಅದರ ನಂತರ. ಪ್ರತಿ ತಿಂಗಳೂ ಕುತ್ತಿಗೆಗೆ ಬರುತ್ತದೆ. ಅದೇ ಬಿಲ್ 12ಕ್ಕೆ ಬಂದು ಮುಂದಿನ ತಿಂಗಳ 2ಕ್ಕೆ ಕಟ್ಟುವಂತಿದ್ದರೆ ದುಡ್ಡು ಆಗಲೇ ಖಾತೆಯಲ್ಲಿರುತ್ತದೆ. ಹಲವು ಬ್ಯಾಂಕ್‌ಗಳು ಬಿಲ್ ತಾರೀಖು ಬದಲಿಸಿಕೊಡುತ್ತವೆ, ಆದರೆ ಕೇಳಿದರೆ ಮಾತ್ರ. ಅರ್ಜಿ ಹಾಕುವ ಮೊದಲೇ ಕೇಳಿಕೊಳ್ಳಿ. ನನ್ನನ್ನು ಕೇಳಿದರೆ, ಎರಡು ಪರ್ಸೆಂಟ್ ಕ್ಯಾಶ್‌ಬ್ಯಾಕ್‌ಗಿಂತ ಈ ಒಂದು ಸೌಲಭ್ಯ ದೊಡ್ಡದು.

3. ಯಾವ ಬಗೆಯ ಕಾರ್ಡ್ ಅಂತ ತೀರ್ಮಾನಿಸಿ

ಬಿಸಿನೆಸ್ ಡೆಬಿಟ್ ಕಾರ್ಡ್ ಖಾತೆಯಲ್ಲಿರುವ ದುಡ್ಡನ್ನೇ ಖರ್ಚು ಮಾಡುತ್ತದೆ. ಸಾಲ ಇಲ್ಲ, ಬಡ್ಡಿ ಇಲ್ಲ. ಆದರೆ ವಂಚನೆ ಆದರೆ ಹೋಗುವುದು ನಿಮ್ಮದೇ ದುಡ್ಡು. ಅದು ವಾಪಸ್ ಬರುವವರೆಗೆ ಖಾತೆ ಖಾಲಿ.

ಬಿಸಿನೆಸ್ ಕ್ರೆಡಿಟ್ ಕಾರ್ಡ್ ಬ್ಯಾಂಕಿನ ದುಡ್ಡು. ಡ್ಯೂ ಡೇಟ್ ಒಳಗೆ ಪೂರ್ತಿ ಕಟ್ಟಿದರೆ ಬಡ್ಡಿ ಇಲ್ಲ, ಕಟ್ಟದಿದ್ದರೆ ಭಾರಿ ಬಡ್ಡಿ.

ಚಾರ್ಜ್ ಕಾರ್ಡ್ ನೋಡಲು ಕ್ರೆಡಿಟ್ ಕಾರ್ಡಿನಂತೆಯೇ. ಆದರೆ ಬಾಕಿ ಉಳಿಸಿಕೊಳ್ಳಲು ಬಿಡುವುದಿಲ್ಲ, ಪ್ರತಿ ಬಿಲ್ಲೂ ಪೂರ್ತಿ ಕಟ್ಟಬೇಕು. ಸ್ಪಾನ್ಸರ್ ಹಣ ತಡವಾಗುವ ಅಭ್ಯಾಸ ಇದ್ದರೆ ಇದು ಬೇಡ.

ಪ್ರೀಪೇಯ್ಡ್ ಕಾರ್ಡಿಗೆ ಮೊದಲೇ ದುಡ್ಡು ತುಂಬಬೇಕು. ಬೂಸ್ಟ್ ಖರ್ಚು ಕೈಮೀರದಂತೆ ಇಡಲು ಚೆನ್ನಾಗಿದೆ. ಆದರೆ ಕೆಲವು ಸಬ್‌ಸ್ಕ್ರಿಪ್ಷನ್‌ಗಳು, ಹೋಟೆಲ್‌ಗಳು, ಬಾಡಿಗೆ ಕಾರಿನವರು ಇದನ್ನು ಒಪ್ಪುವುದಿಲ್ಲ.

ವರ್ಚುವಲ್ ಕಾರ್ಡ್ ಬೇರೆ ಬಗೆಯಲ್ಲ. ನಿಮ್ಮ ಕಾರ್ಡಿನ ಹಿಂದೆಯೇ ಕೆಲಸ ಮಾಡುವ, ಪ್ಲಾಸ್ಟಿಕ್ ಇಲ್ಲದ ಇನ್ನೊಂದು ನಂಬರ್ ಅಷ್ಟೇ. ಒಂದೊಂದು ಕೆಲಸಕ್ಕೆ ಒಂದೊಂದು ನಂಬರ್, ಅದಕ್ಕೊಂದು ಮಿತಿ ಇಡಬಹುದು. ಇದರ ಬಗ್ಗೆ ಮುಂದೆ ಮತ್ತೆ ಹೇಳುತ್ತೇನೆ. ನಮ್ಮ ಕೆಲಸಕ್ಕೆ ಇದು ಇರಲೇಬೇಕು ಅನ್ನುವುದು ನನ್ನ ಹಟ.

ಆದಾಯ ಇನ್ನೂ ಏರಿಳಿತದಲ್ಲಿದ್ದರೆ ಡೆಬಿಟ್ ಕಾರ್ಡಿನಿಂದಲೇ ಶುರು ಮಾಡಿ. ಆರು ತಿಂಗಳು ಒಂದೇ ಸಮನೆ ಹಣ ಬಂದ ಮೇಲೆ ಕಮ್ಮಿ ಮಿತಿಯ ಕ್ರೆಡಿಟ್ ಕಾರ್ಡ್. ಬ್ಯಾಂಕ್ ಕೊಡಲು ಹಿಂಜರಿದರೆ ಠೇವಣಿ ಇಟ್ಟು ಪಡೆಯುವ ಸೆಕ್ಯೂರ್ಡ್ ಕಾರ್ಡ್ ಕೇಳಿ. ಠೇವಣಿಯೇ ಜಾಮೀನು ಆಗುವುದರಿಂದ ಅದು ಸುಲಭವಾಗಿ ಸಿಗುತ್ತದೆ.

4. ಶುಲ್ಕದ ಪಟ್ಟಿ ಓದಿ, ಕ್ಯಾಲ್ಕ್ಯುಲೇಟರ್ ಪಕ್ಕದಲ್ಲಿರಲಿ

ಜಾಹೀರಾತಿನಲ್ಲಿ ರಿವಾರ್ಡ್ ದೊಡ್ಡ ಅಕ್ಷರದಲ್ಲಿರುತ್ತದೆ, ಶುಲ್ಕ ಸಣ್ಣ ಅಕ್ಷರದಲ್ಲಿ. ನೀವು ಸಣ್ಣ ಅಕ್ಷರದಿಂದಲೇ ಓದಲು ಶುರು ಮಾಡಿ.

ಬಡ್ಡಿ. "ತಿಂಗಳಿಗೆ ಶೇ. 3 ಅಷ್ಟೇ" ಅಂತ ಬರೆದಿದ್ದರೆ ಮೋಸಹೋಗಬೇಡಿ. ಬಡ್ಡಿಗೆ ಬಡ್ಡಿ ಸೇರಿದರೆ ವರ್ಷಕ್ಕೆ ಸುಮಾರು ಶೇ. 42.6 ಆಗುತ್ತದೆ. "ಮಿನಿಮಮ್ ಡ್ಯೂ" ಅನ್ನುವುದು ಇನ್ನೊಂದು ಬಲೆ. ಈ ತಿಂಗಳು ಇಷ್ಟಾದರೂ ಕಟ್ಟಿ ಅಂತ ಬ್ಯಾಂಕ್ ಹೇಳುವ ಸಣ್ಣ ಮೊತ್ತ ಅದು. 50,000 ಬಾಕಿ ಇದೆ, ಬಡ್ಡಿ ತಿಂಗಳಿಗೆ ಶೇ. 3, ಮಿನಿಮಮ್ ಡ್ಯೂ ಶೇ. 5 ಅಂದುಕೊಳ್ಳಿ. ನೀವು ಕಟ್ಟುವ 2,500ರಲ್ಲಿ 1,500 ಬಡ್ಡಿಗೇ ಹೋಯಿತು. ಅಸಲು ಕರಗಿದ್ದು ಬರೀ 1,000.

ಇದಕ್ಕಿಂತ ಕೆಟ್ಟದ್ದು ಇನ್ನೊಂದಿದೆ, ಬಹಳ ಜನರಿಗೆ ಗೊತ್ತೇ ಇರುವುದಿಲ್ಲ. ಒಂದು ಬಿಲ್ಲಿನಲ್ಲಿ ಬಾಕಿ ಉಳಿಸಿದರೆ ಸಾಮಾನ್ಯವಾಗಿ ಹೊಸ ಖರೀದಿಗಳ ಬಡ್ಡಿರಹಿತ ದಿನಗಳೂ ಹೋಗುತ್ತವೆ. ನಿನ್ನೆ ಕೊಂಡ ಮೈಕ್‌ಗೆ ನಿನ್ನೆಯಿಂದಲೇ ಬಡ್ಡಿ. ಎಟಿಎಂನಲ್ಲಿ ಕ್ರೆಡಿಟ್ ಕಾರ್ಡ್ ಹಾಕಿ ನಗದು ತೆಗೆದರೂ ಹಾಗೆಯೇ: ಶುಲ್ಕವೂ ಇರುತ್ತದೆ, ಮೊದಲ ದಿನದಿಂದ ಬಡ್ಡಿಯೂ ಇರುತ್ತದೆ. ಅದನ್ನು ಮಾಡಲೇಬೇಡಿ.

ವಿದೇಶಿ ಕರೆನ್ಸಿ ಶುಲ್ಕ. ನಮ್ಮಂಥವರ ದುಡ್ಡು ಸದ್ದಿಲ್ಲದೆ ಸೋರುವುದು ಇಲ್ಲೇ. ಟೂಲ್‌ಗಳು ಬೇರೆ ದೇಶದವು, ಬಿಲ್ ಅವರ ಕರೆನ್ಸಿಯಲ್ಲಿ. ಕಾರ್ಡ್ ಕೊಟ್ಟವರು ಪ್ರತಿ ಬಾರಿ ಶೇ. 1ರಿಂದ 3ರಷ್ಟು, ಕೆಲವರು ಅದಕ್ಕೂ ಜಾಸ್ತಿ ಹಾಕುತ್ತಾರೆ. ತಿಂಗಳಿಗೆ 8,000 ಹೀಗೆ ಹೋಗುತ್ತಿದ್ದು ಶುಲ್ಕ ಶೇ. 3 ಇದ್ದರೆ ತಿಂಗಳಿಗೆ 240, ವರ್ಷಕ್ಕೆ 2,880. ಈ ಶುಲ್ಕವೇ ಇಲ್ಲದ ಕಾರ್ಡ್ ವರ್ಷಕ್ಕೆ 2,000 ಕೇಳಿದರೂ ಅದೇ ಅಗ್ಗ ಆಯಿತು, ಅಲ್ವಾ? ಮೊದಲ ಹಂತದಲ್ಲಿ ಕರೆನ್ಸಿ ಬರೆದುಕೊಳ್ಳಲು ಹೇಳಿದ್ದು ಇದಕ್ಕೇ.

ಇದರ ಜೊತೆ ಇನ್ನೊಂದು ಕಿತಾಪತಿ. ಕಟ್ಟುವಾಗ ಕೆಲವು ಸೈಟ್‌ಗಳು "ನಿಮ್ಮ ಕರೆನ್ಸಿಯಲ್ಲೇ ಕಟ್ಟುತ್ತೀರಾ?" ಅಂತ ಕೇಳುತ್ತವೆ. ಕೇಳಲು ಹಿತ. ಇದಕ್ಕೆ ಡೈನಾಮಿಕ್ ಕರೆನ್ಸಿ ಕನ್ವರ್ಷನ್ ಅಂತ ಹೆಸರು. ಅಲ್ಲಿ ವಿನಿಮಯ ದರ ನಿಗದಿ ಮಾಡುವುದು ಮಾರುವವರ ಕಡೆಯವರು, ತಮ್ಮ ಲಾಭ ಸೇರಿಸಿಕೊಂಡು. ಬಹುತೇಕ ಸಲ ಮಾರುವವರ ಕರೆನ್ಸಿಯಲ್ಲೇ ಕಟ್ಟುವುದು ಅಗ್ಗ. ಅನುಮಾನ ಇದ್ದರೆ ವೀಸಾ, ಮಾಸ್ಟರ್‌ಕಾರ್ಡ್ ಎರಡೂ ತಮ್ಮ ದಿನದ ವಿನಿಮಯ ದರವನ್ನು ವೆಬ್‌ಸೈಟ್‌ನಲ್ಲಿ ತೋರಿಸುತ್ತವೆ, ಹೋಲಿಸಿ ನೋಡಿ. ಇನ್ನೂ ಒಂದು ಮಾತು: ಬಿಲ್ ನಿಮ್ಮ ಕರೆನ್ಸಿಯಲ್ಲೇ ಇದ್ದರೂ ಕಂಪನಿ ಹೊರದೇಶದಲ್ಲಿ ನೋಂದಾಯಿಸಿಕೊಂಡಿದ್ದರೆ ಕೆಲವು ಬ್ಯಾಂಕ್‌ಗಳು ಶುಲ್ಕ ಹಾಕುತ್ತವೆ. ಸ್ಟೇಟ್‌ಮೆಂಟ್‌ನಲ್ಲಿ ಅಂಥ ಸಾಲು ಕಂಡರೆ ಗಾಬರಿಯಾಗಬೇಡಿ. ತಪ್ಪು ಲೆಕ್ಕವಲ್ಲ, ನಿಯಮ ಹಾಗಿದೆ.

ವಾರ್ಷಿಕ ಶುಲ್ಕ. ಒಂದು ಕಾರ್ಡಿಗೆ ಶುಲ್ಕ 3,000, ಕ್ಯಾಶ್‌ಬ್ಯಾಕ್ ಶೇ. 1.5. ವರ್ಷಕ್ಕೆ 2 ಲಕ್ಷ ಖರ್ಚು ಮಾಡಿದರೆ ಶುಲ್ಕ ವಾಪಸ್ ಬಂತು ಅನಿಸುತ್ತದೆ. ಆದರೆ ಪಕ್ಕದಲ್ಲಿ ಶುಲ್ಕವೇ ಇಲ್ಲದೆ ಶೇ. 1 ಕೊಡುವ ಕಾರ್ಡ್ ಇದ್ದರೆ? ಆಗ ನಿಮಗೆ ಹೆಚ್ಚುವರಿ ಸಿಗುವುದು ಬರೀ ಅರ್ಧ ಪರ್ಸೆಂಟ್. ಶುಲ್ಕ ಗಿಟ್ಟಬೇಕಾದರೆ 6 ಲಕ್ಷ ಖರ್ಚು ಮಾಡಬೇಕು. ಯಾವತ್ತೂ ಒಂದು ಕಾರ್ಡನ್ನು ಸೊನ್ನೆಯ ಜೊತೆ ಹೋಲಿಸಬೇಡಿ, ಇನ್ನೊಂದು ಕಾರ್ಡಿನ ಜೊತೆ ಹೋಲಿಸಿ.

5. ರಿವಾರ್ಡ್ ನಿಮ್ಮ ಖರ್ಚಿಗೆ ಸಿಗುತ್ತದೆಯೇ ನೋಡಿ

"ಜಾಹೀರಾತು ಖರ್ಚಿಗೆ ಮೂರು ಪಟ್ಟು ಪಾಯಿಂಟ್" ಅಂತ ಇರುತ್ತದೆ. ನೀವು ಖರ್ಚು ಮಾಡಿದ್ದು ಜಾಹೀರಾತಿಗೇ ಅಂತ ಬ್ಯಾಂಕಿಗೆ ಹೇಗೆ ಗೊತ್ತಾಗುತ್ತದೆ? ಕಾರ್ಡ್ ತಗೊಳ್ಳುವ ಪ್ರತಿ ವ್ಯಾಪಾರಕ್ಕೂ ನಾಲ್ಕು ಅಂಕಿಯ ಒಂದು ಕೋಡ್ ಇರುತ್ತದೆ. ಇದನ್ನು ಮರ್ಚೆಂಟ್ ಕ್ಯಾಟಗರಿ ಕೋಡ್ ಅಥವಾ ಎಂಸಿಸಿ ಅನ್ನುತ್ತಾರೆ. ಜಾಹೀರಾತು ಸೇವೆಗೆ 7311, ಕ್ಯಾಮೆರಾ ಅಂಗಡಿಗೆ 5946, ಸಾಫ್ಟ್‌ವೇರ್ ಅಂಗಡಿಗೆ 5734. ಸಾಮಾನ್ಯವಾಗಿ ಬ್ಯಾಂಕ್ ನೋಡುವುದು ಈ ಕೋಡನ್ನೇ. ನೀವು ಏನು ಕೊಂಡಿರಿ ಅನ್ನುವುದು ಅದಕ್ಕೆ ಬೇಕಿಲ್ಲ.

ಹಾಗಾಗಿ ಎಲ್ಲವನ್ನೂ ಮಾರುವ ಒಂದು ದೊಡ್ಡ ಆನ್‌ಲೈನ್ ಅಂಗಡಿಯಲ್ಲಿ ಕ್ಯಾಮೆರಾ ಕೊಂಡರೆ ಕ್ಯಾಮೆರಾ ರಿವಾರ್ಡ್ ಸಿಗದೆ ಹೋಗಬಹುದು. ಎಡಿಟಿಂಗ್ ಆ್ಯಪ್ ಅನ್ನು ಫೋನಿನ ಆ್ಯಪ್ ಸ್ಟೋರ್ ಮೂಲಕ ಕೊಂಡರೂ ಅಷ್ಟೇ, ಅದು ಸಾಫ್ಟ್‌ವೇರ್ ಬದಲು ಡಿಜಿಟಲ್ ಸರಕಿನ ಲೆಕ್ಕಕ್ಕೆ ಹೋಗಬಹುದು. ಮೊದಲ ತಿಂಗಳ ಸ್ಟೇಟ್‌ಮೆಂಟ್ ಬಂದ ಮೇಲೆ ಯಾವುದಕ್ಕೆ ಎಷ್ಟು ಪಾಯಿಂಟ್ ಬಂತು ಅಂತ ಒಮ್ಮೆ ನೋಡಿ.

ಪಾಯಿಂಟ್, ಮೈಲ್ಸ್ (ವಿಮಾನ ಟಿಕೆಟ್‌ಗೆ ಬಳಸುವ ಪಾಯಿಂಟ್) ಬಗ್ಗೆ ನನ್ನ ಅಭಿಪ್ರಾಯ ನೇರ. ತಿಂಗಳಿಗೊಮ್ಮೆಯಾದರೂ ವಿಮಾನ ಹತ್ತದವರಿಗೆ ಕ್ಯಾಶ್‌ಬ್ಯಾಕೇ ಒಳ್ಳೆಯದು. ಪಾಯಿಂಟ್‌ಗೆ ಅವಧಿ ಮುಗಿಯುತ್ತದೆ, ಬೆಲೆ ಇಳಿಯುತ್ತದೆ. ದುಡ್ಡಿಗೆ ಆ ತೊಂದರೆ ಇಲ್ಲ. ಸೇರುವಾಗ ಕೊಡುವ ಬೋನಸ್ಸಿಗಾಗಿ "ಮೂರು ತಿಂಗಳಲ್ಲಿ ಇಷ್ಟು ಖರ್ಚು ಮಾಡಿ" ಅಂತ ಗುರಿ ಇಡುತ್ತಾರೆ. ಹೇಗಿದ್ದರೂ ಕೊಳ್ಳಬೇಕಿದ್ದ ಲೆನ್ಸ್ ಇದ್ದರೆ ಸರಿ. ಬೋನಸ್ಸಿಗೋಸ್ಕರ ಸುಮ್ನೆ ಲೆನ್ಸ್ ಕೊಂಡರೆ ಗೆದ್ದವರು ನೀವಲ್ಲ.

6. ಸಾಲದ ಹೊಣೆ ಯಾರದು ಅಂತ ಕೇಳಿ

ಕಾರ್ಡಿನ ಮೇಲೆ ಚಾನೆಲ್ ಹೆಸರು ಬರೆದಿದೆ ಅಂದ ಮಾತ್ರಕ್ಕೆ ಸಾಲ ಚಾನೆಲ್‌ದಾಗುವುದಿಲ್ಲ. ಸಣ್ಣ ವ್ಯವಹಾರಗಳಿಗೆ ಕೊಡುವ ಬಹುತೇಕ ಬಿಸಿನೆಸ್ ಕಾರ್ಡ್‌ಗಳಲ್ಲಿ ಪರ್ಸನಲ್ ಗ್ಯಾರಂಟಿ ಅನ್ನುವ ಷರತ್ತು ಇರುತ್ತದೆ. ವ್ಯವಹಾರ ಕಟ್ಟದಿದ್ದರೆ ನೀವು ಸ್ವಂತ ಜೇಬಿನಿಂದ ಕಟ್ಟಬೇಕು ಅಂತ. ಕಂಪನಿ ನೋಂದಾಯಿಸಿದ್ದರೂ ಇದಕ್ಕೆ ಸಹಿ ಹಾಕಿದರೆ ಮುಗಿಯಿತು. ಬಾಕಿ ಬಿದ್ದರೆ ನಿಮ್ಮ ವೈಯಕ್ತಿಕ ಕ್ರೆಡಿಟ್ ಸ್ಕೋರ್‌ಗೆ ಪೆಟ್ಟು ಬೀಳುತ್ತದೆಯೇ ಅನ್ನುವುದನ್ನೂ ಲಿಖಿತವಾಗಿ ಕೇಳಿ.

ಗ್ರಾಹಕರನ್ನು ಕಾಪಾಡುವ ಕಾನೂನುಗಳು ಬಿಸಿನೆಸ್ ಕಾರ್ಡಿಗೆ ಅಷ್ಟೇ ಗಟ್ಟಿಯಾಗಿ ಅನ್ವಯಿಸದೆ ಇರಬಹುದು. ಅಮೆರಿಕದ ಉದಾಹರಣೆ ನೋಡಿ: ಅಲ್ಲಿನ 2009ರ ಕ್ರೆಡಿಟ್ ಕಾರ್ಡ್ ಕಾಯ್ದೆಯ ಹೆಚ್ಚಿನ ರಕ್ಷಣೆಗಳು ವೈಯಕ್ತಿಕ ಕಾರ್ಡಿಗೆ ಮಾತ್ರ. ನಿಮ್ಮಲ್ಲಿ ನಿಯಮ ಹೇಗಿದೆ ಅಂತ ತಿಳಿದುಕೊಂಡೇ ಸಹಿ ಹಾಕಿ.

7. ಅರ್ಜಿ ಹಾಕಿ, ಆದರೆ ಒಂದೇ ಕಡೆ

ಗುರುತಿನ ದಾಖಲೆ, ವಿಳಾಸ, ತೆರಿಗೆ ದಾಖಲೆ, ಕೆಲಸದ ಖಾತೆಯ ಆರರಿಂದ ಹನ್ನೆರಡು ತಿಂಗಳ ಸ್ಟೇಟ್‌ಮೆಂಟ್ ಜೋಡಿಸಿಕೊಳ್ಳಿ. ಬ್ಯಾಂಕಿನವರಿಗೆ ನಮ್ಮ ಕೆಲಸ ಅರ್ಥವಾಗದಿರುವುದೇ ಹೆಚ್ಚು. ಸಬ್‌ಸ್ಕ್ರೈಬರ್ ಎಷ್ಟು ಅಂತ ಹೇಳಿ ಪ್ರಯೋಜನ ಇಲ್ಲ. ಆಡ್‌ಸೆನ್ಸ್ ಪಾವತಿ ರಸೀದಿ, ಸ್ಪಾನ್ಸರ್ ಒಪ್ಪಂದ, ಇನ್‌ವಾಯ್ಸ್ ತೋರಿಸಿ.

ಆದಾಯ ಬರೆಯುವಾಗ ಏಜೆನ್ಸಿ, ಮ್ಯಾನೇಜರ್ ಪಾಲು ಕಳೆದು ಕೈಗೆ ಬಂದದ್ದನ್ನು ಬರೆಯಿರಿ. ಬ್ರ್ಯಾಂಡ್‌ಗಳು ಪುಕ್ಕಟೆ ಕಳಿಸಿದ ವಸ್ತುಗಳನ್ನು ಇಲ್ಲಿ ಸೇರಿಸಬೇಡಿ. ಅದರಿಂದ ಬಿಲ್ ಕಟ್ಟಲಾಗುವುದಿಲ್ಲ. ಒಂದೇ ವಾರದಲ್ಲಿ ನಾಲ್ಕು ಕಡೆ ಅರ್ಜಿ ಹಾಕುವುದೂ ಬೇಡ. ಪ್ರತಿ ಅರ್ಜಿಗೂ ನಿಮ್ಮ ಕ್ರೆಡಿಟ್ ದಾಖಲೆ ಪರಿಶೀಲನೆ ಆದರೆ ಸಾಲಕ್ಕೆ ಪರದಾಡುತ್ತಿದ್ದಾರೆ ಅನ್ನುವ ಭಾವನೆ ಬರುತ್ತದೆ.

8. ಕಾರ್ಡ್ ಬಂದ ಮೊದಲ ವಾರ

ಆಟೋ ಪೇ ಹಾಕಿ. ಆಯ್ಕೆಯಲ್ಲಿ "ಪೂರ್ತಿ ಮೊತ್ತ" ಇದೆಯೇ ಅಂತ ಎರಡು ಸಲ ನೋಡಿ. ಕೆಲವೆಡೆ "ಮಿನಿಮಮ್ ಡ್ಯೂ" ಮೊದಲೇ ಟಿಕ್ ಆಗಿರುತ್ತದೆ. ಪ್ರತಿ ಖರ್ಚಿಗೂ ಮೆಸೇಜ್ ಬರುವಂತೆ ಮಾಡಿಕೊಳ್ಳಿ.

ಈಗ ವರ್ಚುವಲ್ ಕಾರ್ಡ್. ಕನಿಷ್ಠ ಮೂರು ಮಾಡಿ: ಸಬ್‌ಸ್ಕ್ರಿಪ್ಷನ್‌ಗಳಿಗೆ ಒಂದು, ಜಾಹೀರಾತು ಬೂಸ್ಟ್‌ಗೆ ಒಂದು, ಫ್ರೀ ಟ್ರಯಲ್‌ಗಳಿಗೆ ತೀರಾ ಕಮ್ಮಿ ಮಿತಿಯ ಒಂದು. ಫ್ರೀ ಟ್ರಯಲ್ ರದ್ದು ಮಾಡಲು ಮರೆತರೂ ಆ ಕೊನೆಯದರಲ್ಲಿ ಕಟ್ ಆಗಲು ದುಡ್ಡಿರುವುದಿಲ್ಲ. ಹಾಗಂತ ರದ್ದು ಮಾಡದೆ ಬಿಡಬೇಡಿ, ಕೆಲವು ಕಂಪನಿಗಳು ಬಾಕಿ ಅಂತ ಬೆನ್ನು ಹತ್ತುತ್ತವೆ.

ಬೂಸ್ಟ್‌ಗೆ ಬೇರೆ ಕಾರ್ಡ್ ಏಕೆ? ನಿಮ್ಮ ಚಾನೆಲ್ ಖಾತೆ ಹ್ಯಾಕ್ ಆದರೆ ಕಳ್ಳರ ಕೈ ಮೊದಲು ಹೋಗುವ ಜಾಗಗಳಲ್ಲಿ ಅದಕ್ಕೆ ಜೋಡಿಸಿದ ಜಾಹೀರಾತು ಖಾತೆಯೂ ಒಂದು. ಯೂಟ್ಯೂಬ್ ಚಾನೆಲ್ ನಡೆಸುವವರಿಗೆ ಸ್ಪಾನ್ಸರ್ ಸೋಗಿನಲ್ಲಿ ಮೇಲ್ ಕಳಿಸಿ, ಸಾಫ್ಟ್‌ವೇರ್ ಹೆಸರಲ್ಲಿ ಮಾಲ್‌ವೇರ್ ಇಳಿಸಿ, ಬ್ರೌಸರ್ ಕುಕ್ಕಿ (ನೀವು ಲಾಗಿನ್ ಆಗಿದ್ದೀರಿ ಅನ್ನುವ ಗುರುತು ಇಟ್ಟುಕೊಳ್ಳುವ ಸಣ್ಣ ಫೈಲ್) ಕದಿಯುವ ಗುಂಪುಗಳ ಬಗ್ಗೆ 2021ರಲ್ಲಿ ಗೂಗಲ್ಲೇ ವಿವರವಾಗಿ ತಿಳಿಸಿತ್ತು. ಕುಕ್ಕಿ ಕದ್ದರೆ ಪಾಸ್‌ವರ್ಡೂ ಬೇಡ, ಒಟಿಪಿಯೂ ಬೇಡ, ನೇರ ಒಳಗೆ. ಜಾಹೀರಾತು ಖಾತೆಗೆ ಸೇರಿಸಿದ ಕಾರ್ಡಿನ ಮಿತಿ ಚಿಕ್ಕದಿದ್ದರೆ ನಷ್ಟವೂ ಚಿಕ್ಕದು.

ಮತ್ತೆ ಇದು ನಮ್ಮ ವೃತ್ತಿಗೇ ಅಂಟಿದ ಅಪಾಯ: ಕ್ಯಾಮೆರಾ. ಹೊಸ ಕಾರ್ಡ್ ಬಂದ ಖುಷಿಗೆ ಅನ್‌ಬಾಕ್ಸಿಂಗ್ ಮಾಡಬೇಡಿ. ಬ್ಲರ್ ಹಾಕುತ್ತೇನೆ ಅಂದುಕೊಂಡರೂ ಒಂದು ಫ್ರೇಮ್ ತಪ್ಪಿದರೆ ಸಾಕು. ಲೈವ್‌ನಲ್ಲಿ, ಸ್ಕ್ರೀನ್ ರೆಕಾರ್ಡಿಂಗ್‌ನಲ್ಲಿ ಬ್ರೌಸರ್‌ನ ಆಟೋಫಿಲ್ ತಾನಾಗಿ ಕಾರ್ಡ್ ವಿವರ ತೋರಿಸಿಬಿಡುತ್ತದೆ. ರೆಕಾರ್ಡಿಂಗ್‌ಗೆ ಕಾರ್ಡ್ ಉಳಿಸಿರದ ಬೇರೆ ಬ್ರೌಸರ್ ಪ್ರೊಫೈಲ್ ಇಟ್ಟುಕೊಳ್ಳಿ. ಬಿಲ್ಲಿನ ವಿಳಾಸ ಮನೆಯದಾಗಿದ್ದರೆ ಇನ್‌ವಾಯ್ಸ್ ತೋರಿಸುವಾಗಲೂ ಹುಷಾರ್.

9. ತಪ್ಪು ಖರ್ಚು ಕಂಡರೆ

ಮೊದಲು ಮಾರಿದವರಿಗೇ ಬರೆಯಿರಿ, ಬರೆದದ್ದನ್ನು ಉಳಿಸಿಕೊಳ್ಳಿ. ಅವರು ಕೇಳದಿದ್ದರೆ ಬ್ಯಾಂಕಿನಲ್ಲಿ ಚಾರ್ಜ್‌ಬ್ಯಾಕ್ ಕೇಳಿ. ಕಾರ್ಡ್ ನೆಟ್‌ವರ್ಕ್ ಮೂಲಕ ಹಣ ಹಿಂದಕ್ಕೆ ತರಿಸುವ ದಾರಿ ಅದು. ವೀಸಾ, ಮಾಸ್ಟರ್‌ಕಾರ್ಡ್ ನಿಯಮದಲ್ಲಿ ಹೆಚ್ಚಿನ ತಕರಾರುಗಳಿಗೆ 120 ದಿನ ಇರುತ್ತದೆ. ಆದರೆ ನಿಮ್ಮ ಬ್ಯಾಂಕ್ ಅದಕ್ಕಿಂತ ಬೇಗ ಕೇಳಬಹುದು. ನೀವು ಮಾಡದ ಖರ್ಚು ಕಂಡರಂತೂ ಅದೇ ಗಳಿಗೆಯಲ್ಲಿ ಕಾರ್ಡ್ ಬ್ಲಾಕ್ ಮಾಡಿ.

ಒಂದು ಎಚ್ಚರಿಕೆ. ಜಾಹೀರಾತು ವೇದಿಕೆಗಳ ಮೇಲೆ ಸಿಟ್ಟಿನಲ್ಲಿ ಚಾರ್ಜ್‌ಬ್ಯಾಕ್ ಹಾಕಿದರೆ ಅವರು ನಿಮ್ಮ ಜಾಹೀರಾತು ಖಾತೆಯನ್ನೇ ನಿಲ್ಲಿಸಬಹುದು. ಅಲ್ಲಿ ಅದು ಕೊನೆಯ ಅಸ್ತ್ರವಾಗಿರಲಿ.

10. ಕಾರ್ಡ್ ಬದಲಿಸುವಾಗ

ಅವಧಿ ಮುಗಿಯುವ ತಿಂಗಳು, ವಾರ್ಷಿಕ ಶುಲ್ಕ ಬೀಳುವ ತಿಂಗಳು ಎರಡನ್ನೂ ಕ್ಯಾಲೆಂಡರ್‌ನಲ್ಲಿ ಹಾಕಿ, ಒಂದು ತಿಂಗಳು ಮುಂಚೆ ನೆನಪಿಸುವಂತೆ. ಶುಲ್ಕ ಬೀಳುವ ಮೊದಲು ಬ್ಯಾಂಕಿಗೆ ಫೋನ್ ಮಾಡಿ ಮನ್ನಾ ಕೇಳಿ. ಕೇಳಿದರೆ ಕೊಡುವವರೂ ಇದ್ದಾರೆ.

ಹಳೆಯ ಕಾರ್ಡ್ ಮುಚ್ಚುವ ಮೊದಲು ಮೊದಲ ಹಂತದ ಪಟ್ಟಿ ಮತ್ತೆ ತೆಗೆಯಿರಿ. ಒಂದೊಂದೇ ಸಬ್‌ಸ್ಕ್ರಿಪ್ಷನ್ ಅನ್ನು ಹೊಸ ಕಾರ್ಡಿಗೆ ಸಾಗಿಸಿ, ಟಿಕ್ ಹಾಕಿ. ಡೊಮೈನ್ ಮೊದಲು. ಎಡಿಟಿಂಗ್ ಟೂಲ್ ನಿಂತರೆ ಅರ್ಧ ದಿನ ಹಾಳು, ಅಷ್ಟೇ. ಡೊಮೈನ್ ನವೀಕರಣ ತಪ್ಪಿದರೆ ನಿಮ್ಮ ವೆಬ್‌ಸೈಟ್ ಹೆಸರನ್ನೇ ಬೇರೆಯವರು ಕೊಂಡುಬಿಡಬಹುದು. ಎಲ್ಲಾ ಸಾಗಿಸಿದ ಮೇಲೂ ಹಳೆಯ ಕಾರ್ಡನ್ನು ಎರಡು ಬಿಲ್ಲಿನ ಅವಧಿ ತೆರೆದಿಡಿ. ಮರೆತ ಒಂದೆರಡು ಸಬ್‌ಸ್ಕ್ರಿಪ್ಷನ್ ಅಲ್ಲಿ ಬಂದು ಬೀಳುತ್ತವೆ. ಅವನ್ನೂ ಸಾಗಿಸಿ, ಬಾಕಿ ಸೊನ್ನೆ ಆಗಿದೆ ಅಂತ ಬ್ಯಾಂಕಿನಿಂದ ಲಿಖಿತವಾಗಿ ತಗೊಂಡು, ಆಮೇಲೆ ಮುಚ್ಚಿ.